ಬದಲಾಗದ ಬಾಡಿಗೆ

ಇಪ್ಪತ್ತಾರು ವರ್ಷ ನಾನು ಅಂಗಡಿ ಅಂಗಡಿ ತಿರುಗಿದ್ದು ದರ ಕೇಳಲಿಕ್ಕೆ, ಕೊಳ್ಳಲಿಕ್ಕಲ್ಲ. ಕೇಂದ್ರ ಸರ್ಕಾರದ ನೌಕರಿ. ಹುಟ್ಟೂರು ಬಾಗಲಕೋಟೆ. ವರ್ಗವಾಗುತ್ತ ಆಗುತ್ತ ನಾಶಿಕಕ್ಕೆ ಬಂದೆ, ಅಲ್ಲಿಂದ ಈಗ ಛತ್ರಪತಿ ಸಂಭಾಜಿನಗರದಲ್ಲಿದ್ದೇನೆ. ತೊಗರಿಬೇಳೆ, ಚಹಾಪುಡಿ, ಕ್ಷೌರ, ಸೈಕಲ್ ಪಂಕ್ಚರ್, ರಬ್ಬರ್ ಚಪ್ಪಲಿ, ಎಲ್ಲಕ್ಕೂ ಗೊತ್ತುಮಾಡಿದ ಅಂಗಡಿ, ಗೊತ್ತುಮಾಡಿದ ವಾರ. ಹೋದ ಸಲ ಯಾವ ಅಕ್ಕಿಯ ದರ ಬರೆದಿದ್ದೆವೋ ಈ ಸಲವೂ ಅದೇ ಅಕ್ಕಿಯದು. ನಾವು ಬರೆದದ್ದು ದಿಲ್ಲಿಗೆ ಹೋಗುತ್ತದೆ, ದೇಶದ ಉಳಿದ ಊರುಗಳ ದರದ ಜೊತೆ ಸೇರುತ್ತದೆ, ತಿಂಗಳಿಗೊಮ್ಮೆ ಹಣದುಬ್ಬರ ಇಷ್ಟು ಎಂದು ಟೀವಿಯಲ್ಲಿ ಬರುತ್ತದೆ. ಅದನ್ನು ಕೇಳಿದ ಜನ ಬೈಯುತ್ತಾರೆ. ದಿಲ್ಲಿಯವರು ದೂರ ಇರುತ್ತಾರಲ್ಲ, ಕೈಗೆ ಸಿಕ್ಕವರು ನಾವೇ.

ಕೆಲಸಕ್ಕೆ ಸೇರಿದ ಮೊದಲ ದಿನವೇ ನಮಗೆ ಹೇಳಿಕೊಟ್ಟದ್ದು ಒಂದು ಮಾತು. ಒಬ್ಬರ ದರವನ್ನು ಇನ್ನೊಬ್ಬರ ಮುಂದೆ ಬಾಯಿಬಿಡಬಾರದು. ಮೂಲೆಯ ಕಿರಾಣಿಯವನು ಸಕ್ಕರೆ ಎಷ್ಟಕ್ಕೆ ಮಾರುತ್ತಾನೆ ಎಂದು ಎದುರಿನವನಿಗೆ ನಮ್ಮಿಂದ ತಿಳಿಯಬಾರದು. ತಿಳಿದರೆ ಇವನೂ ಬದಲಿಸುತ್ತಾನೆ, ಆಮೇಲೆ ನಾವು ಬರೆದುಕೊಳ್ಳುವುದು ಪೇಟೆಯ ದರವಲ್ಲ, ನಾವೇ ಮಾಡಿದ ದರ. ನನ್ನ ಬಾಯಿ ಸ್ವಲ್ಪ ಜೋರು, ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೇ ಅನ್ನುತ್ತಾರೆ. ಆದರೂ ಈ ಒಂದು ವಿಷಯದಲ್ಲಿ ಇಪ್ಪತ್ತಮೂರು ವರ್ಷ ಬಾಯಿ ಬಿಗಿಹಿಡಿದಿದ್ದೆ. ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಬಿಟ್ಟೆ.

ನಾವು ಕೇಳುವ ದರಗಳಲ್ಲಿ ಮನೆಬಾಡಿಗೆಯೂ ಒಂದು. ಊರಲ್ಲಿ ಕೆಲವು ಬಾಡಿಗೆ ಮನೆಗಳನ್ನು ಆರಿಸಿಟ್ಟಿರುತ್ತಾರೆ. ಆರು ತಿಂಗಳಿಗೊಮ್ಮೆ ಅದೇ ಮನೆಗೆ ಹೋಗಿ ಅದೇ ಪ್ರಶ್ನೆ ಕೇಳಬೇಕು: ಬಾಡಿಗೆ ಎಷ್ಟು, ಹೆಚ್ಚಾಗಿದೆಯೇ? ನನ್ನ ಪಾಲಿಗೆ ಬಂದ ಮನೆಗಳಲ್ಲಿ ನಾಶಿಕದ ಅಂಬಡ್‌ನ ಒಂದು ಖೋಲಿ ಇತ್ತು. ಕಾರ್ಖಾನೆಗಳ ಹಿಂದಿನ ಗಲ್ಲಿ. ಮಾಲಕರು ಅದೇ ಊರಿನ ಮುದುಕರು. ಹೊಲವೆಲ್ಲ ಕಾರ್ಖಾನೆಗಳಿಗೆ ಹೋದ ಮೇಲೆ ಉಳಿದ ಚೂರು ಜಾಗದಲ್ಲಿ ಮನೆ ಕಟ್ಟಿಕೊಂಡು, ಅದರ ಮಗ್ಗುಲಿಗೆ ತಗಡು ಹೊದಿಸಿ ಒಂದು ಖೋಲಿ ಹಾಕಿದ್ದರು. ಒಂದೇ ಬಾಗಿಲು, ಒಂದೇ ಕಿಟಕಿ. ಒಳಗೇ ಬಚ್ಚಲು, ಅದರ ಪಕ್ಕದಲ್ಲಿ ಒಲೆ.

ಮೊದಲ ಸಲ ಅಲ್ಲಿಗೆ ಹೋದಾಗ ಒಳಗಿನಿಂದ “ಯಾರ್ರೀ ಅದು?” ಎಂದು ಕೇಳಿಸಿತು. ನಾಶಿಕದ ಕಾರ್ಖಾನೆ ಗಲ್ಲಿಯಲ್ಲಿ ಅಚ್ಚ ನಮ್ಮ ಕಡೆಯ ಮಾತು! ನನಗೆ ತವರಿನವರೇ ಸಿಕ್ಕಷ್ಟು ಸಂತೋಷವಾಯಿತು. ಅವಳು ಇಂಡಿ ಕಡೆಯ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು. ಗಂಡ ಮೋಟಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದವನು ಕಾಮಾಲೆಯಾಗಿ ತೀರಿಕೊಂಡಿದ್ದ. ಅವನು ಹೋದ ಮೇಲೆ ಅವಳು ಹತ್ತಿರದ ಇನ್ನೊಂದು ಕಾರ್ಖಾನೆಯಲ್ಲಿ ತಾಮ್ರದ ತಂತಿ ಸುತ್ತುವ ಕೆಲಸಕ್ಕೆ ಸೇರಿದ್ದಳು, ಗುತ್ತಿಗೆಯ ಮೇಲೆ. ಜೊತೆಗೆ ಒಬ್ಬಳೇ ಮಗಳು. ಅವ್ವ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು. ನನ್ನನ್ನು “ಮಾವಶಿ” ಅನ್ನುತ್ತಿದ್ದಳು, ಚಿಕ್ಕಮ್ಮ ಅಂದಹಾಗೆ.

ಗಂಡ ಸತ್ತ ವರ್ಷದಿಂದ ಮಾಲಕರು ಬಾಡಿಗೆ ಏರಿಸಿರಲಿಲ್ಲ. ಹದಿನೆಂಟು ನೂರು ರೂಪಾಯಿ, ಅಷ್ಟೇ. ಅವಳ ಪಾಳಿ ಬೆಳಗಿನದಾದರೆ ನಾನು ಹೋದಾಗ ಮಾಲಕರೇ ಸಿಗುತ್ತಿದ್ದರು. “ತೇವಢಂಚ ಬಾಯಿ, ತೇವಢಂಚ” ಎಂದು ಕೈ ಆಡಿಸುತ್ತಿದ್ದರು. ಅಷ್ಟೇ ಇದೆ, ಅಷ್ಟೇ ಬರೆದುಕೊಳ್ಳಿ ಎಂದು. ಆ ಕಡೆ ಹೆಂಗಸರನ್ನು ಮರ್ಯಾದೆಯಿಂದ ಬಾಯಿ ಎಂದೇ ಕರೆಯುವುದು. ಗಂಡ ಹೋದ ಹೆಣ್ಣುಮಗಳ ಹತ್ತಿರ ಹೆಚ್ಚು ಕೇಳುವುದು ಹೇಗೆ ಎಂದು ಅವರೇ ಒಮ್ಮೆ ಅಂದರು. ನಾನು “ಬದಲಾವಣೆ ಇಲ್ಲ” ಎಂದು ಬರೆದು, ಅವರ ಮನೆಯ ಸಿಹಿ ಸಿಹಿ ಚಹಾ ಕುಡಿದು ಬರುತ್ತಿದ್ದೆ.

ನಮ್ಮವರು ಬಾಗಲಕೋಟೆಯಲ್ಲಿ ಶಾಲೆಯ ಮಾಸ್ತರರು. ನಾನು ನಾಶಿಕದಲ್ಲಿ ಎರಡು ಕೋಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬಳೇ. ಹಾಗಾಗಿ ಭಾನುವಾರ ಮಧ್ಯಾಹ್ನ ಆ ಖೋಲಿಗೆ ಹೋಗುವ ಅಭ್ಯಾಸವಾಯಿತು. ಹುಡುಗಿ ಹತ್ತನೆಯ ತರಗತಿಗೆ ಬಂದಾಗ ಅವಳಿಗೆ ಗಣಿತ ಹೇಳಿಕೊಡಲು ಕೂತೆ. ಬೀಜಗಣಿತ ಚೆನ್ನಾಗಿ ಮಾಡುತ್ತಿದ್ದಳು. ಪಕ್ಕದಲ್ಲೇ ತಾಯಿ ರೊಟ್ಟಿ ಬಡಿಯುತ್ತ, “ಇದೊಂದು ಪರೀಕ್ಷಾ ಪಾಸಾಗಲಿ ಅಕ್ಕಾರ, ನನ್ನಂಗ ತಂತಿ ಸುತ್ತೂದು ಬ್ಯಾಡ ಅಕಿಗೆ” ಅನ್ನುತ್ತಿದ್ದಳು. ಶಾಲೆ ಆ ಗಲ್ಲಿಯ ಕೊನೆಗೇ ಇತ್ತು, ಕಾರ್ಖಾನೆಯೂ ನಡೆದು ಹೋಗುವಷ್ಟು ಹತ್ತಿರ. ಆ ಖೋಲಿ ಮಾರ್ಚ್ ತಿಂಗಳ ತನಕ ಇದ್ದರೆ ಸಾಕಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಅದೇ ದಿನಗಳಲ್ಲಿ ಹಣದುಬ್ಬರದ ಅಂಕಿಯ ಬಗ್ಗೆ ದೊಡ್ಡ ಗದ್ದಲ ಶುರುವಾಗಿತ್ತು. ಸರ್ಕಾರ ಬೆಲೆ ಏರಿಕೆ ಕಡಿಮೆಯಾಗಿದೆ ಅನ್ನುತ್ತಿತ್ತು, ಸಂತೆಗೆ ಹೋಗಿ ಬಂದವರಿಗೆ ಮೈ ಉರಿಯುತ್ತಿತ್ತು. ಲೆಕ್ಕದ ಪಟ್ಟಿಯೇ ಹಳೆಯದು, ಜನ ಹತ್ತು ವರ್ಷಕ್ಕೂ ಹಿಂದೆ ಏನು ತಿನ್ನುತ್ತಿದ್ದರು, ಏನು ಉಡುತ್ತಿದ್ದರು ಎಂಬುದರ ಮೇಲೆ ನಿಂತದ್ದು, ಅದನ್ನು ಬದಲಿಸಿ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಬದಲಿಸುವ ಕೆಲಸವೂ ನಡೆದಿತ್ತು.

ಭಾನುವಾರ ಬೆಳಿಗ್ಗೆ ನಾನು ತಿಂಡಿಗೆ ಹೋಗುತ್ತಿದ್ದದ್ದು ಕುಂದಾಪುರದ ಕಡೆಯವರ ಹೋಟೆಲಿಗೆ. ಅಲ್ಲಿ ನನ್ನ ಮೇಜಿಗೆ ಧಾರವಾಡದ ಒಬ್ಬ ಬ್ಯಾಂಕ್ ಅಧಿಕಾರಿ ಬಂದು ಕೂಡುತ್ತಿದ್ದರು, ಅವರೂ ನನ್ನಂತೆ ವರ್ಗವಾಗಿ ಬಂದವರು. ಕೂತ ಕೂಡಲೇ ಶುರುಮಾಡುತ್ತಿದ್ದರು.

“ಮೇಡಮ್ಮಾರ, ನಿಮ್ಮ ಪಟ್ಟಿಯೊಳಗಿನ ಅಂಗಡಿ ಎಲ್ಲೈತಿ ಒಮ್ಮೆ ತೋರಸ್ರಿ. ನಾವೂ ಅಲ್ಲೇ ಸಂತಿ ಮಾಡ್ತೀವಿ.”

ಗಲ್ಲಾಪೆಟ್ಟಿಗೆಯ ಹಿಂದಿನಿಂದ ಹೋಟೆಲಿನ ಮಾಲಕರು ದನಿಗೂಡಿಸುತ್ತಿದ್ದರು. “ಹೌದು ಮಾರಾಯ್ರೆ, ಅಲ್ಲಿ ತೆಂಗಿನಕಾಯಿ ಎಷ್ಟಂತೆ ಕೇಳಿ ಹೇಳಿ. ಇಲ್ಲಿ ಚಟ್ನಿಗೆ ಕಾಯಿ ಹಾಕುದಾ ಬೇಡ್ವಾ ಅಂತ ನಾನು ಬೆಳಿಗ್ಗೆ ಎದ್ದು ಆಲೋಚನೆ ಮಾಡುವ ಹಾಗಾಗಿದೆ.”

ನಾನೂ ಬಿಡುತ್ತಿರಲಿಲ್ಲ. ಏರಿದ್ದು ನಿಮಗೆ ನೆನಪಿರುತ್ತದೆ, ಇಳಿದದ್ದು ನೆನಪಿರುವುದಿಲ್ಲ, ಈರುಳ್ಳಿ ಅರ್ಧಕ್ಕೆ ಬಿದ್ದಾಗ ಯಾರಾದರೂ ನನ್ನನ್ನು ಕರೆದು ಸನ್ಮಾನ ಮಾಡಿದಿರಾ ಎಂದು ಕೇಳುತ್ತಿದ್ದೆ. ನಗುತ್ತಿದ್ದರು. ಆದರೆ ಆ ವರ್ಷ ಗಣಪತಿ ಹಬ್ಬ ಮುಗಿದ ಮೇಲಿನ ಒಂದು ಭಾನುವಾರ ಬ್ಯಾಂಕಿನವರು ನಗಲಿಲ್ಲ. ಅವರ ಮನೆಯ ಮಾಲಕ ಬಾಡಿಗೆ ಏರಿಸಿದ್ದನಂತೆ.

“ಊರ ತುಂಬ ಬಾಡಿಗಿ ಏರೇತಿ. ನಿಮ್ಮ ಅಂಕಿಯೊಳಗ ಮಾತ್ರ ಅಲ್ಲಾಡಂಗಿಲ್ಲ. ಖರೇ ಹೇಳ್ರಿ, ನೀವು ಹೋಗಿ ಕೇಳ್ತೀರೋ, ಮನ್ಯಾಗ ಕುಂತು ತುಂಬ್ತೀರೋ?”

ನಮ್ಮ ಕೆಲಸದಲ್ಲಿ ಇದಕ್ಕಿಂತ ದೊಡ್ಡ ಬೈಗುಳವಿಲ್ಲ. ಬಿಸಿಲಲ್ಲಿ ತಿರುಗದೆ ಮನೆಯಲ್ಲಿ ಕೂತು ದರ ತುಂಬುವವರು ಇರುತ್ತಾರೆ, ಅವರನ್ನು ನಾವೇ ಕೀಳಾಗಿ ಕಾಣುತ್ತೇವೆ. ನಾನು ಜ್ವರ ಬಂದಾಗಲೂ ಹೋಗಿ ಕೇಳಿ ಬಂದವಳು. ಅರ್ಧ ದೋಸೆ ತಟ್ಟೆಯಲ್ಲೇ ಬಿಟ್ಟು ಎದ್ದು ಬಂದೆ.

ಮಂಗಳವಾರ ಕಚೇರಿಗೆ ಹೋದರೆ ಮೇಲಿನಿಂದ ಪತ್ರ ಬಂದಿದೆ. ಬಹಳ ಕಾಲದಿಂದ ಬದಲಾಗದ ಬಾಡಿಗೆಗಳನ್ನು ಮತ್ತೆ ಹೋಗಿ ಮಾಲಕರಿಂದಲೇ ಖಚಿತ ಮಾಡಿಕೊಂಡು ಬರಬೇಕು, ಕಾರಣ ಬರೆಯಬೇಕು. ನನ್ನ ಮೇಲಿನ ಅಧಿಕಾರಿ ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಅಂಬಡ್‌ನ ಸಾಲಿನ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದರು: “ಮೇಡಂ, ಇಲ್ಲಿಗೆ ನೀವು ಹೋಗಿದ್ದಿರಲ್ಲ?” ಕುಂಬಳಕಾಯಿ ಕದ್ದಿರದಿದ್ದರೂ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಅವರು ತಪ್ಪು ತಿಳಿದು ಕೇಳಿದ್ದೇನೂ ಅಲ್ಲ. ಆದರೆ ಭಾನುವಾರದ ಉರಿ ಇನ್ನೂ ಆರಿರಲಿಲ್ಲ.

ಅದೇ ಮಧ್ಯಾಹ್ನ ಅಂಬಡ್‌ಗೆ ಹೋದೆ. ಮಾಲಕರು ಅಂಗಳದಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದರು. ಅವಳು ಪಾಳಿಗೆ ಹೋಗಿದ್ದಳು, ಹುಡುಗಿ ಶಾಲೆಗೆ. ಬಾಡಿಗೆ ಎಷ್ಟು ಎಂದು ಕೇಳಿದೆ. ಎಂದಿನಂತೆ ಕೈ ಆಡಿಸಿ “ತೇವಢಂಚ” ಅಂದರು. ಕಾರಣ ಬೇಕು, ಬರೆಯಬೇಕು ಎಂದೆ. ಕಾರಣ ಏನಿರುತ್ತದೆ ಎಂದು ನಕ್ಕರು. ನನಗೆ ಆ ನಗು ಹೋಟೆಲಿನ ನಗುವಿನ ಹಾಗೆಯೇ ಕೇಳಿಸಿತು.

“ಇದೇ ಗಲ್ಲಿಯಲ್ಲಿ ಇದೇ ಅಳತೆಯ ಖೋಲಿಗೆ ಮೂರೂವರೆ ಸಾವಿರ ತೆಗೆದುಕೊಳ್ಳುತ್ತಿದ್ದಾರೆ” ಎಂದುಬಿಟ್ಟೆ. “ನಿಮ್ಮ ಎಡಗಡೆಯವರದೂ ಅಷ್ಟೇ, ಎದುರಿನವರದೂ ಅಷ್ಟೇ. ನಿಮ್ಮದೊಂದೇ ಹದಿನೆಂಟು ನೂರು ಅಂತ ಬರೆದರೆ ನನ್ನನ್ನು ಸುಳ್ಳಿ ಅನ್ನುತ್ತಾರೆ.”

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಹೇಳಿ ಮುಗಿಸುವಷ್ಟರಲ್ಲೇ ನನಗೆ ಗೊತ್ತಾಗಿತ್ತು. ಮಾಲಕರ ಕೈ ಸೊಪ್ಪಿನ ಮೇಲೆಯೇ ನಿಂತಿತು. ಮೂರೂವರೆಯೇ ಎಂದು ಕೇಳಿದರು. ಹೆಚ್ಚೆಂದರೆ ಎರಡೂಕಾಲು ಸಾವಿರ ಇರಬಹುದು ಎಂದುಕೊಂಡಿದ್ದರಂತೆ. ಮನೆ ಬಿಟ್ಟು ಹೊರಗೆ ಹೆಚ್ಚು ಓಡಾಡುವವರಲ್ಲ. “ಅಂದರೆ ಇಡೀ ಗಲ್ಲಿಗೆ ನಾನೊಬ್ಬನೇ ದಡ್ಡ. ಅದನ್ನು ಸರ್ಕಾರ ಬರೆದೂ ಇಟ್ಟುಕೊಂಡಿದೆ” ಅಂದರು. ಅವರಿಗೆ ದುಡ್ಡಿನ ಆಸೆ ಬಂದದ್ದನ್ನು ನಾನು ಕಾಣಲಿಲ್ಲ. ನಾಚಿಕೆಯಾದದ್ದನ್ನು ಕಂಡೆ. ನಾನು ಕಚೇರಿ ಕೊಟ್ಟ ಟ್ಯಾಬಿನಲ್ಲಿ “ಖಚಿತಪಡಿಸಿದೆ, ಬದಲಾವಣೆ ಇಲ್ಲ, ಮಾಲಕರು ದಯೆಯಿಂದ ಏರಿಸಿಲ್ಲ” ಎಂದು ತುಂಬಿ ಬಂದೆ. ಆ ದಿನ ಚಹಾ ಕುಡಿಯಿರಿ ಎಂದು ಅವರು ಅನ್ನಲಿಲ್ಲ.

ಮುಂದಿನ ಭಾನುವಾರ ಹುಡುಗಿ ಪುಸ್ತಕ ತೆರೆದು ಕಾಯುತ್ತಿದ್ದಳು. ತಾಯಿ ಚಹಾ ಸೋಸುತ್ತ ಹೇಳಿದಳು, ಮಾಲಕರು ಮೂರೂವರೆ ಕೊಡು, ಇಲ್ಲವಾದರೆ ದೀಪಾವಳಿ ಮುಗಿಸಿಕೊಂಡು ಖೋಲಿ ಬಿಡು ಅಂದಿದ್ದಾರೆ ಎಂದು.

“ಅವ್ರಿಗೆ ಯಾರೋ ಗಲ್ಲಿ ದರ ಹೇಳ್ಯಾರಂತ್ರಿ” ಎಂದು ನನ್ನ ಮುಖ ನೋಡಿದಳು.

“ಯಾರಂತೆ?” ಎಂದು ಕೇಳಿದೆ.

“ಹೇಳ್ಲಿಲ್ರಿ” ಅಂದಳು. ಕಪ್ಪು ನನ್ನ ಮುಂದಿಟ್ಟಳು.

ನಾನು ಚಹಾ ಕುಡಿದೆ. ಹುಡುಗಿಗೆ ಎರಡು ಲೆಕ್ಕ ಬಿಡಿಸಿಕೊಟ್ಟೆ. ಆಮೇಲೆ, ಖೋಲಿ ಹುಡುಕೋಣ, ಏನೂ ಚಿಂತೆ ಮಾಡಬೇಡ ಎಂದೆ. ಅಂಬಡ್‌ನ ಬಾಡಿಗೆಗಳು ನನ್ನಷ್ಟು ಯಾರಿಗೆ ಗೊತ್ತು? ಮೂರು ಭಾನುವಾರ ನಾವಿಬ್ಬರೂ ಬಾಗಿಲು ಬಾಗಿಲು ತಟ್ಟಿದೆವು. ಹೆಚ್ಚಿನ ಕಡೆ ಮೂರೂವರೆ, ನಾಲ್ಕು, ಮೇಲೆ ಠೇವಣಿ. ಅವಳ ಗುತ್ತಿಗೆಯ ಸಂಬಳದಲ್ಲಿ ಅದು ಆಗುವ ಮಾತಲ್ಲ. ದರ ಹೊಂದಿದ ಒಂದೆರಡು ಕಡೆ ಮನೆಯಲ್ಲಿ ಗಂಡಸರು ಯಾರಿದ್ದಾರೆ ಎಂದು ಕೇಳಿದರು. ಇಲ್ಲ ಅಂದ ಮೇಲೆ ಹುಡುಗಿಯನ್ನು ಮೇಲಿನಿಂದ ಕೆಳಗೆ ನೋಡಿ, ಬೇರೆಯವರಿಗೆ ಮಾತು ಕೊಟ್ಟಿದ್ದೇವೆ ಅಂದರು. ಒಮ್ಮೆ ನಾನೇ ಆ ಹಳೆಯ ಮಾಲಕರ ಹತ್ತಿರ ಹೋಗಿ ಮಾರ್ಚ್ ತನಕ ಬಿಡಿ ಎಂದು ಕೈ ಮುಗಿದೆ. “ನೀವೇ ಅಲ್ಲವಾ ಹೇಳಿದ್ದು, ಬಾಯಿ?” ಎಂದರು. ಈಗಾಗಲೇ ಬೇರೆಯವರಿಂದ ಮುಂಗಡ ತೆಗೆದುಕೊಂಡಿದ್ದರು. ನಾನು ತಲೆ ತಗ್ಗಿಸಿ ಎದ್ದು ಬಂದೆ.

ಈಗ ಬರೆಯಲೇಬೇಕಾದ ಮಾತು ಒಂದಿದೆ. ನನ್ನ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಗಳಿದ್ದವು. ಒಂದರಲ್ಲಿ ನನ್ನ ಟ್ರಂಕು, ಹಳೆಯ ಪತ್ರಿಕೆಗಳು, ಒಂದು ಖಾಲಿ ಮಂಚ. ತಾಯಿ ಎಲ್ಲಿಗೇ ಹೋಗಲಿ, ಹುಡುಗಿಯನ್ನು ಪರೀಕ್ಷೆಯ ತನಕ ನಾನು ಇಟ್ಟುಕೊಳ್ಳಬಹುದಿತ್ತು. ಹೊಳೆಯಲಿಲ್ಲ ಎಂದಲ್ಲ. ಮೊದಲ ವಾರವೇ ಹೊಳೆದಿತ್ತು. ಆದರೆ ಅವಳು ಬಂದರೆ ದಿನಾ ಬೆಳಿಗ್ಗೆ ಅವಳ ಮುಖ ನೋಡಬೇಕು, ಒಂದಲ್ಲ ಒಂದು ದಿನ ಮಾತು ಹೊರಬೀಳುತ್ತದೆ. ಆ ಹೆದರಿಕೆಗೆ ನಾನು ಬಾಯಿ ಬಿಡಲಿಲ್ಲ. ಬಿಡಬಾರದ ಕಡೆ ಬಿಟ್ಟ ಬಾಯಿ ಬಿಡಬೇಕಾದ ಕಡೆ ಬಿಡಲಿಲ್ಲ.

ಅವಳ ಅಕ್ಕನನ್ನು ಸಂಭಾಜಿನಗರದ ದಾರಿಯಲ್ಲಿರುವ ವೈಜಾಪುರಕ್ಕೆ ಕೊಟ್ಟಿದ್ದರು. ಅಕ್ಕನ ಮನೆಯ ಹಿತ್ತಿಲಲ್ಲಿ ಮೇವು ಹಾಕುತ್ತಿದ್ದ ಒಂದು ಕೋಣೆ ಇದೆ, ಬಾಡಿಗೆ ಬೇಡ ಅಂದರಂತೆ. ನವೆಂಬರ್ ಕೊನೆಗೆ ಒಂದು ಟ್ರಂಕು, ಎರಡು ಗಂಟು, ಮಿಕ್ಸರ್, ಹುಡುಗಿಯ ಪುಸ್ತಕದ ಚೀಲ ಹೊತ್ತುಕೊಂಡು ನಾಶಿಕದ ಸ್ಟ್ಯಾಂಡಿನಲ್ಲಿ ಬಸ್ ಹತ್ತಿದರು. ನಾನೂ ಹೋಗಿದ್ದೆ. ಹುಡುಗಿ ನನ್ನನ್ನು ತಬ್ಬಿಕೊಂಡು, ಪರೀಕ್ಷೆಗೆ ಬಂದೇ ಬರುತ್ತೇನೆ ಮಾವಶಿ, ನಿಮ್ಮ ಮನೆಗೇ ಬರುತ್ತೇನೆ ಎಂದು ಮರಾಠಿಯಲ್ಲಿ ಹೇಳಿದಳು. ತಾಯಿ ಕಿಟಕಿಯ ಆಚೆ ನೋಡುತ್ತಿದ್ದಳು. ಹುಡುಗಿ ಬರಲಿಲ್ಲ. ಶಾಲೆಗೆ ಹಾಜರಿ ಬೀಳಲಿಲ್ಲ, ಪ್ರಾಯೋಗಿಕ ಪರೀಕ್ಷೆಗಳು ತಪ್ಪಿದವು, ಮುಂದಿನ ವರ್ಷ ಬರೆದರಾಯಿತು ಅಂದುಕೊಂಡಳು ಎಂದು ಗಲ್ಲಿಯವರಿಂದ ತಿಳಿಯಿತು.

ಆರು ತಿಂಗಳ ಸುತ್ತು ಮತ್ತೆ ಬಂತು. ಅದೇ ಖೋಲಿಗೆ ಹೋದೆ, ಪಟ್ಟಿಯಲ್ಲಿದ್ದ ಮನೆಯನ್ನು ಕೈಬಿಡುವಂತಿಲ್ಲವಲ್ಲ. ಬಾಗಿಲಲ್ಲಿ ಮೂರು ಜೊತೆ ಬೂಟುಗಳಿದ್ದವು. ಕಾರ್ಖಾನೆಯ ಮೂವರು ಕೆಲಸಗಾರರು ಕೂಡಿ ಇದ್ದರು. ಬಾಡಿಗೆ ಮೂರೂವರೆ ಸಾವಿರ. ಟ್ಯಾಬಿನಲ್ಲಿ ತುಂಬಿದೆ, ಇಷ್ಟು ಹೆಚ್ಚಳವೇ, ಕಾರಣ ಬರೆಯಿರಿ ಎಂದು ಕೇಳಿತು. “ಬಾಡಿಗೆದಾರರು ಬದಲಾಗಿದ್ದಾರೆ” ಎಂದು ಬರೆದೆ. ಕಚೇರಿಯಲ್ಲಿ ನನ್ನ ಅಧಿಕಾರಿ ನೋಡಿ, “ಈಗ ಸರಿಹೋಯಿತು ನೋಡಿ ಮೇಡಂ, ಈಗ ನಿಜವಾದ ದರ ಬಂತು” ಅಂದರು. ಹೋಟೆಲಿನಲ್ಲಿ ಬ್ಯಾಂಕಿನವರು ಆ ದಿನದ ಮಾತಿಗೆ ಕ್ಷಮೆ ಕೇಳಿ ನನ್ನ ದೋಸೆಯ ದುಡ್ಡು ಕೊಟ್ಟರು. ಯಾರ ಮೇಲೂ ಸಿಟ್ಟು ಮಾಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಮೊದಲಿನ ಹದಿನೆಂಟು ನೂರೂ ನಿಜವಾದ ದರವೇ ಆಗಿತ್ತು. ಒಬ್ಬ ಮನುಷ್ಯ ಒಬ್ಬ ಹೆಂಗಸಿನಿಂದ ಅಷ್ಟೇ ತೆಗೆದುಕೊಳ್ಳುತ್ತಿದ್ದ. ಊರಿನ ದರದ ಜೊತೆ ಹೊಂದುವುದಿಲ್ಲ ಎಂದು ನಾವೆಲ್ಲ ಅದನ್ನು ಸುಳ್ಳೆಂದು ತಿಳಿದೆವು.

ವೈಜಾಪುರಕ್ಕೆ ಹೋಗಬೇಕು ಎಂದುಕೊಳ್ಳುತ್ತಿದ್ದೆ. ಊರಿಗೆ ಹೋಗಲು ಮನ್ಮಾಡ್‌ನಲ್ಲಿ ಗಾಡಿ ಕಾಯುವಾಗೆಲ್ಲ, ಇಲ್ಲಿಂದ ಹತ್ತಿರವೇ ಎಂದು ಅಂದುಕೊಳ್ಳುತ್ತಿದ್ದೆ, ಹೋಗುತ್ತಿರಲಿಲ್ಲ. ಕಡೆಗೆ ಸಂಭಾಜಿನಗರಕ್ಕೆ ವರ್ಗವಾಯಿತು. ಹೊಸ ಪಟ್ಟಿಯ ಲೆಕ್ಕ ಶುರುವಾದಾಗ ವೈಜಾಪುರದ ಪೇಟೆ ನನ್ನ ಪಾಲಿಗೇ ಬಂತು. ಎರಡು ಸಲ ಕೆಲಸ ಮುಗಿಸಿ ತಲೆ ತಗ್ಗಿಸಿಕೊಂಡು ಬಸ್ ಹತ್ತಿದೆ. ಮೂರನೆಯ ಸಲ ಮನೆ ಕೇಳಿಕೊಂಡು ಹೋದೆ.

ಹಿತ್ತಿಲ ಕೋಣೆಯ ಹೊಸ್ತಿಲಲ್ಲಿ ಕೂತಿದ್ದಳು. ಈರುಳ್ಳಿ ಆರಿಸುವ ಕೂಲಿಗೆ ಹೋಗುತ್ತಾಳೆ, ತಲೆಗೂದಲಿನಲ್ಲೆಲ್ಲ ಸಿಪ್ಪೆಯ ಚೂರು. “ಬರ್ರಿ ಅಕ್ಕಾರ, ಕುಂದರ್ರಿ” ಅಂದಳು. ಹುಡುಗಿ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುವ ಕೆಲಸಕ್ಕೆ ಸೇರಿದ್ದಾಳಂತೆ. ಪರೀಕ್ಷೆಯ ಮಾತು ಕೇಳಿದೆ. “ಎಲ್ಲೀ ಪರೀಕ್ಷಾ” ಅಂದಳು. ಚಹಾ ಕೊಟ್ಟಳು. ಕಪ್ಪು ಕೈಯಲ್ಲಿ ಹಿಡಿದುಕೊಂಡೇ ನಾನು ಎಲ್ಲ ಹೇಳಿದೆ. ಹೋಟೆಲಿನ ಮಾತು, ಕಚೇರಿಯ ಪತ್ರ, ಅಂಗಳದಲ್ಲಿ ನಾನು ಅಂದದ್ದು. ಅಳು ಬಂತು, ತಡೆಯಲಿಲ್ಲ.

ಅವಳು ಕೊನೆಯ ತನಕ ಕೇಳಿದಳು.

“ಗೊತ್ತೈತ್ರಿ” ಅಂದಳು. “ಅವತ್ತ ಸಂಜೀಕೇ ಮಾಲಕರು ಹೇಳಿದ್ರು, ನಿಮ್ಮ ಬಾಯಿಯವರೇ ಹೇಳಿ ಹೋದ್ರು ಅಂತ.”

“ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ?”

“ನೀವಾಗೇ ಹೇಳ್ತೀರಿ ಅಂತ ಕಾದೆ. ಮೂರು ಐತವಾರ ನನ್ನ ಕೂಡ ಖೋಲಿ ಹುಡಿಕ್ಕೊಂತ ಅಡ್ಡಾಡಿದ್ರಿ. ಇವತ್ತ ಹೇಳ್ತಾರ, ಇವತ್ತ ಹೇಳ್ತಾರ ಅನ್ಕೊಂತ ನಾನೂ ಅಡ್ಡಾಡಿದೆ. ಬಾಯಿತಪ್ಪಿ ಅಂದಿದ್ದು, ಅದಕ್ಕ ಸಿಟ್ಟಿರಲಿಲ್ರಿ ನನಗ. ನೀವು ಹೇಳಿದ ಕೂಡ್ಲೆ, ಹುಡುಗೀನ್ನ ಮಾರ್ಚ್ ತನಕ ನಿಮ್ಮಲ್ಲಿ ಇಟ್ಕೋರಿ ಅಂತ ಕೇಳಾಕಿ ಇದ್ದೆ. ನೀವು ಹೇಳ್ಲೇ ಇಲ್ಲ. ನನಗ ಕೇಳಾಕ ಬಾಯಿ ಬರ್ಲಿಲ್ಲ.”

ಅವಳ ದನಿಯಲ್ಲಿ ಏರಿಳಿತವೇ ಇರಲಿಲ್ಲ. ಈಗಲಾದರೂ ಬರಲಿ, ಸಂಭಾಜಿನಗರದಲ್ಲಿ ನನ್ನ ಮನೆಯಲ್ಲೇ ಇರಲಿ, ಪರೀಕ್ಷೆ ಬರೆಸುತ್ತೇನೆ ಎಂದು ನಾನು ಹೇಳುತ್ತಲೇ ಇದ್ದೆ. ಅವಳು ಬೇಡ ಎಂದು ತಲೆ ಆಡಿಸಿ, ಒಳಗಿನ ಗಡಿಯಾರ ನೋಡಿದಳು.

“ಅಕಿ ಆರಕ್ಕ ಬರ್ತಾಳ್ರಿ. ಅಕಿಗೆ ನಾನು ಇದ್ಯಾವುದೂ ಹೇಳಿಲ್ಲ. ಅಕಿ ಈಗೂ ನಮ್ಮ ಮಾವಶಿ ಹಂಗ, ಮಾವಶಿ ಹಿಂಗ ಅಂತ ಎಲ್ಲಾರ ಮುಂದ ಹೇಳ್ಕೊಂತ ಇರ್ತಾಳ. ಹಂಗೇ ಇರ್ಲಿ. ಅಕಿ ಬರೂದ್ರೊಳಗ ನೀವು ಹೋಗ್ರಿ ಅಕ್ಕಾರ.”

ನಾನು ಕಪ್ಪು ಕೆಳಗಿಟ್ಟು ಎದ್ದೆ. ಆರಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಬಟ್ಟೆ ಅಂಗಡಿಗಳಿರುವ ಪೇಟೆಯ ದಾರಿ ಬಿಟ್ಟು, ಸುತ್ತು ಹಾಕಿಕೊಂಡು ಸ್ಟ್ಯಾಂಡಿಗೆ ನಡೆದೆ.